ಬೆಳ್ಳಿಬೆಟ್ಟ ಗೇಟು ದಾಟಿದ ಜುಲೈ

ಕಳೆದ ತಿಂಗಳು ಮೈಸೂರಿನಲ್ಲಿ ಮಗಳ ಹೊಸ ಮನೆಗೆ ಪಾತ್ರೆ ಕೊಳ್ಳಲು ಹೋಗಿದ್ದೆವು. ಆ ಅಂಗಡಿಯ ಬೆನ್ನಿಗೇ ಪಾಲಿಷ್ ಮಾಡುವ ಕೋಣೆ. ಒಳಗೆ ಬಟ್ಟೆಯ ಚಕ್ರ ತಿರುಗುತ್ತಿತ್ತು. ಚಕ್ರಕ್ಕೆ ಹಿಡಿಯುವ ಪಾಲಿಷ್ ಸೋಪು ಕಾದಾಗ ಒಂದು ವಾಸನೆ ಬರುತ್ತದೆ. ಕರಗಿದ ಕೊಬ್ಬು, ಸುಟ್ಟ ಹತ್ತಿ, ಬಿಸಿ ಅಲ್ಯೂಮಿನಿಯಂ ಮೂರೂ ಸೇರಿದ ವಾಸನೆ. ಸಿಂಧು ಕೈಯಲ್ಲಿದ್ದ ತಪ್ಪಲೆ ಕೆಳಗಿಟ್ಟು, "ಅಪ್ಪ, ನೈರೋಬಿ" ಎಂದಳು. ನಾನು ಹೂಂ ಎಂದೆ. ಆಮೇಲೆ ಇಬ್ಬರೂ ಕುಕ್ಕರಿನ ವಿಷಯ ಮಾತಾಡಿದೆವು.

ಇಷ್ಟು ವರ್ಷವೂ ನಾವು ಹೀಗೆಯೇ. ನೈರೋಬಿಯ ಮಾತು ಬಂದರೆ ಅಲ್ಲಿನ ತಂಪು ಹವೆ, ಬೆಣ್ಣೆಹಣ್ಣು, ಮಟಾಟು ಅನ್ನುವ ಬಾಡಿಗೆ ವ್ಯಾನುಗಳಲ್ಲಿ ಕಿವಿ ಹರಿಯುವ ಹಾಗೆ ಹಾಕುತ್ತಿದ್ದ ಹಾಡು, ಇವಿಷ್ಟೇ. ಫ್ಯಾಕ್ಟರಿಯ ಗೇಟು ಹತ್ತಿರ ಬಂತು ಅನ್ನುವಾಗ ಮಾತು ತಾನಾಗಿ ಬೇರೆ ದಾರಿ ಹಿಡಿಯುತ್ತದೆ. ಆ ಗೇಟಿನ ಮಾತನ್ನೇ ಈಗ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸು. ಹದಿನಾಲ್ಕಕ್ಕೆ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಲೇತ್ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತೆ. ಇಪ್ಪತ್ತು ವರ್ಷ ಕಬ್ಬಿಣದ ಚೂರು ಕಣ್ಣಿಗೆ ಬೀಳದ ಹಾಗೆ ತಲೆ ಓರೆ ಮಾಡಿ ನಿಂತು ಕೆಲಸ ಕಲಿತೆ. ಡಿಗ್ರಿ ಮಾಡಿದವರು ಡ್ರಾಯಿಂಗ್ ಹಿಡಿದುಕೊಂಡು ಬಂದು ನನ್ನ ಮುಂದೆ ತಲೆ ಕೆರೆದುಕೊಂಡದ್ದನ್ನು ನೋಡಿದ್ದೇನೆ. ಅದರ ಸೊಕ್ಕು ನನಗೆ ಇತ್ತು, ಇಲ್ಲ ಅನ್ನುವುದಿಲ್ಲ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಾತ್ರೆ ಫ್ಯಾಕ್ಟರಿ ನಡೆಸುತ್ತಿದ್ದ ಗುಜರಾತಿಯೊಬ್ಬರು ನನ್ನನ್ನು ಕರೆಸಿಕೊಂಡರು. ಅವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಕಾಕಾ ನನ್ನನ್ನು ಮಿಸ್ತ್ರಿ ಅನ್ನುತ್ತಿದ್ದರು.

ಅಲ್ಲಿ ಮಾಡುತ್ತಿದ್ದದ್ದು ಸುಫೂರಿಯಾ. ಹಿಡಿ ಇಲ್ಲದ ಅಲ್ಯೂಮಿನಿಯಂ ಪಾತ್ರೆ. ಆ ದೇಶದಲ್ಲಿ ಅದಿಲ್ಲದ ಮನೆ ಇಲ್ಲ. ದುಂಡನೆಯ ಹಾಳೆಯನ್ನು ಮರದ ಅಚ್ಚಿಗೆ ಒತ್ತಿ ಹಿಡಿದು ಲೇತಿನಲ್ಲಿ ತಿರುಗಿಸಬೇಕು. ತಿರುಗುವಾಗ ಉದ್ದನೆಯ ಕೋಲನ್ನು ಕಂಕುಳಲ್ಲಿ ಅದುಮಿ ಹಾಳೆಯನ್ನು ಅಚ್ಚಿನ ಮೇಲಕ್ಕೆ ಮಲಗಿಸುತ್ತಾ ಬರಬೇಕು. ನನಗೆ ಲೇತು ಗೊತ್ತಿತ್ತು, ಈ ಕೆಲಸ ಗೊತ್ತಿರಲಿಲ್ಲ. ಮೊದಲ ವಾರ ನಾನು ಹರಿದ ಹಾಳೆಗಳಿಗೆ ಲೆಕ್ಕವಿಲ್ಲ. ಕಲಿಸಿದವನು ಮುಟುವಾ. ಮಚಾಕೋಸ್ ಕಡೆಯ ಕಾಂಬಾ ಜನದವನು, ನನಗಿಂತ ಹತ್ತು ವರ್ಷ ದೊಡ್ಡವನು, ಫ್ಯಾಕ್ಟರಿಯ ಮೊದಲ ಶೆಡ್ಡು ಎದ್ದಾಗಿನಿಂದ ಇದ್ದವನು. ನನ್ನ ಬೆನ್ನ ಹಿಂದೆ ನಿಂತು ನನ್ನ ಮೊಣಕೈಯನ್ನು ತನ್ನ ಅಂಗೈಯಲ್ಲಿ ಹಿಡಿದು, "ಪೋಲೆ ಪೋಲೆ, ಫುಂಡಿ" ಅನ್ನುತ್ತಿದ್ದ. ನಿಧಾನ, ಕಸುಬುದಾರ, ಎಂದು ಅರ್ಥ. ಹಾಳೆಯನ್ನು ಒಂದೇ ಕಡೆ ಒತ್ತಬೇಡ, ತೆಳ್ಳಗಾಗಿದ್ದು ಕಣ್ಣಿಗೆ ಕಾಣುವುದಿಲ್ಲ, ಹರಿದ ಮೇಲಷ್ಟೇ ಕಾಣುತ್ತದೆ ಎಂದು ಅವನು ಹೇಳಿಕೊಟ್ಟದ್ದು ಇವತ್ತಿಗೂ ನನ್ನ ಕೈಯಲ್ಲಿದೆ. ಮೂರು ವರ್ಷದಲ್ಲಿ ನಾನು ಅವನ ಮೇಲಿನವನಾದೆ. ಅವತ್ತಿನಿಂದ ಅವನು ನನ್ನನ್ನು ಬೋಸಿ ಎಂದು ಕರೆಯತೊಡಗಿದ, ಅಂದರೆ ಬಾಸು. ಫುಂಡಿ ಅನ್ನುವುದನ್ನು ಬಿಟ್ಟ. ನನಗೆ ಅದು ಖುಷಿಯಾಗಿತ್ತು.

ಮೇಲಿನವನಾದ ವರ್ಷ ಸಣ್ಣ ಸಾಮಾನು ಕಾಣೆಯಾಗತೊಡಗಿತು. ಮುಚ್ಚಳ ಎತ್ತುವ ಗುಬ್ಬಿ, ರಿವೆಟ್ಟು, ಹಾಳೆ ಕತ್ತರಿಸಿ ಉಳಿದ ಚೂರು. ಕಾಕಾ ಚಿಂತೆ ಮಾಡುತ್ತಿದ್ದರು. ಉಪಾಯ ಹುಡುಕಿದವನು ನಾನೇ. ಗೇಟಿನ ಹತ್ತಿರ ನೆಲಕ್ಕೆ ಒಂದು ದೊಡ್ಡ ತಗಡು ಹಾಸಿಸಿದೆ. ಸಂಜೆ ಹೊರಗೆ ಹೋಗುವ ಪ್ರತಿಯೊಬ್ಬ ಕೆಲಸಗಾರ ತಗಡಿನ ಮುಂದೆ ಕೂತು ಗಂಬೂಟು ಬಿಚ್ಚಿ, ಮಗುಚಿ, ಎರಡು ಸಲ ಬಡಿಯಬೇಕು. ಚೀಲ ಇದ್ದರೆ ತಗಡಿನ ಮೇಲೆ ಸುರಿಯಬೇಕು. ಲೋಹ ಇದ್ದರೆ ತಗಡೇ ಹೇಳುತ್ತದೆ. ಕಾವಲಿನವನು ಯಾರನ್ನೂ ಮುಟ್ಟುವ ಹಾಗೇ ಇಲ್ಲ. ಲೋಹ ಸಿಕ್ಕರೆ ಅವತ್ತೇ ಕೆಲಸ ಹೋಯಿತು. ಕಾಕಾ ನನ್ನ ಬೆನ್ನು ತಟ್ಟಿದರು. ಕಾಮಾಕ್ಷಿಪಾಳ್ಯದಲ್ಲಿ ನನ್ನ ಮಾಲೀಕ ದಿನಾ ಸಂಜೆ ನನ್ನ ಚಡ್ಡಿಯ ಜೇಬಿಗೆ ಕೈ ಹಾಕಿ ನೋಡುತ್ತಿದ್ದ. ಒಂದು ಸಲ ನಾನು ರಸ್ತೆಯಲ್ಲೇ ಅತ್ತಿದ್ದೆ. ಹಾಗಾಗಿ ನನ್ನ ತಗಡು ಮರ್ಯಾದೆಯ ಉಪಾಯ ಎಂದೇ ನಾನು ನಂಬಿದ್ದೆ. ತಗಡಿನ ಮುಂದೆ ಕೂರುತ್ತಿದ್ದವರೆಲ್ಲ ಕರಿಯರು. ನಾನು, ಕಾಕಾ, ಆಫೀಸಿನ ನಾಲ್ಕು ಜನ ಇಂಡಿಯಾದವರು ಕಾರಿನಲ್ಲಿ ಸೀದಾ ಹೋಗುತ್ತಿದ್ದೆವು. ಅದನ್ನು ನಾನು ಯಾವತ್ತೂ ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದ್ದೆ. ಅದು ಹಾಗೆಯೇ ಇರುವುದು ಅಂದುಕೊಂಡಿದ್ದೆ.

ಎರಡು ಸಾವಿರದ ನಾಲ್ಕು. ಮಟಾಟುಗಳಿಗೆಲ್ಲ ಹಳದಿ ಪಟ್ಟೆ ಬಳಿದು ಸೀಟಿಗೆ ಬೆಲ್ಟು ಹಾಕಿಸಿದ ವರ್ಷ. ನೈರೋಬಿಯಲ್ಲಿ ಜುಲೈ ಅಂದರೆ ಚಳಿ. ತಿಂಗಳುಗಟ್ಟಲೆ ಸೂರ್ಯ ಕಾಣುವುದಿಲ್ಲ. ಆಕಾಶ ಪಾಲಿಷ್ ಮಾಡದ ಅಲ್ಯೂಮಿನಿಯಂ ಹಾಗೆ ಮಂಕಾಗಿರುತ್ತದೆ. ಮಳೆ ಅನ್ನುವ ಹಾಗಿಲ್ಲ, ಒದ್ದೆ ಮಾತ್ರ. ಬೆಳಿಗ್ಗೆ ಹಾಳೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ನಾವು ಪಾರ್ಕ್‌ಲ್ಯಾಂಡ್ಸಿನ ಒಂದು ಫ್ಲಾಟಿನಲ್ಲಿದ್ದೆವು, ನಾನು, ಹೆಂಡತಿ ಪುಷ್ಪಾ, ಹದಿಮೂರರ ಸಿಂಧು. ಸಿಂಧುವಿನ ಶಾಲೆ ಲ್ಯಾವಿಂಗ್ಟನ್ನಿನಲ್ಲಿ. ಫೀಸನ್ನು ಕಾಕಾ ಕೊಡುತ್ತಿದ್ದರು. ನನ್ನನ್ನು ಕರೆಸುವಾಗಲೇ ಆದ ಮಾತು ಅದು. ಅವಳ ಜೊತೆ ಓದುತ್ತಿದ್ದವರು ಡಾಕ್ಟರು, ಇಂಜಿನಿಯರು, ದೊಡ್ಡ ದೊಡ್ಡ ಸಂಸ್ಥೆಯವರ ಮಕ್ಕಳು.

ಟರ್ಮಿನ ಕೊನೆಗೆ ಶಾಲೆಯಲ್ಲಿ ಒಂದು ಪ್ರದರ್ಶನ. ಹೊರನಾಡುಗಳನ್ನು ಆಳಿದ ಒಂದೊಂದು ದೇಶವನ್ನು ಒಬ್ಬೊಬ್ಬರಿಗೆ ಹಂಚಿದ್ದರು: ಅದು ಹೇಗೆ ಎದ್ದಿತು, ಹೇಗೆ ಬಿತ್ತು, ಬರೆದು ತೋರಿಸಿ ಒಂದು ಮಾದರಿಯನ್ನೂ ಮಾಡಬೇಕು. ಸಿಂಧುವಿಗೆ ಬಂದದ್ದು ಸ್ಪೇನು. ಔಷಧಿ ಕಂಪನಿಯ ಇಂಜಿನಿಯರು ರಾಘವೇಂದ್ರ ನಮ್ಮ ಕನ್ನಡದವರೇ, ಮೇಲಿನ ಮಹಡಿಯವರು. ಪುಷ್ಪಾ, "ರೀ, ರಾಘಣ್ಣನ್ನ ಒಂದು ಮಾತು ಕೇಳಬಾರದಾ, ಓದಿದೋರು" ಎಂದಳು. ಆ ಮಾತು ನನಗೆ ಮುಳ್ಳಿನ ಹಾಗೆ ಹೊಕ್ಕಿತು. ಯಾರನ್ನೂ ಕೇಳುವುದು ಬೇಡ, ನಾನೇ ಮಾಡಿಸುತ್ತೇನೆ ಎಂದೆ.

ಆ ಮೂರು ವಾರ ನಾನು ಏಳನೇ ಕ್ಲಾಸಿನ ಮುಂದಿನದನ್ನು ಓದಿದೆ ಅನ್ನಬೇಕು. ಊಟವಾದ ಮೇಲೆ ಸಿಂಧು ಪುಸ್ತಕ ಹಿಡಿದು ಇಂಗ್ಲಿಷಿನಲ್ಲಿ ಓದುವಳು, ಅಲ್ಲಲ್ಲಿ ಮುರುಕು ಕನ್ನಡದಲ್ಲಿ ಬಿಡಿಸಿ ಹೇಳುವಳು. ಹಡಗಿನಲ್ಲಿ ಪಶ್ಚಿಮಕ್ಕೆ ಹೋದರು, ಅಲ್ಲೊಂದು ಲೋಕವೇ ಸಿಕ್ಕಿತು, ಸಿಕ್ಕಿದ್ದೆಲ್ಲ ನಮ್ಮದು ಅಂದರು. ಎತ್ತರದ ನಾಡಿನಲ್ಲಿ, ಉಸಿರು ಸಿಕ್ಕಿಕೊಳ್ಳುವಷ್ಟು ಮೇಲೆ, ಒಂದು ಬೆಟ್ಟ. ಬೆಟ್ಟದ ಹೊಟ್ಟೆ ತುಂಬ ಬೆಳ್ಳಿ. ಸುತ್ತಲಿನ ಊರುಗಳಿಂದ ಏಳು ಗಂಡಸರಲ್ಲಿ ಒಬ್ಬ ಸರದಿಯ ಮೇಲೆ ಬೆಟ್ಟಕ್ಕೆ ದುಡಿಯಲು ಬರಲೇಬೇಕು. ಬೆನ್ನ ಮೇಲೆ ಅದಿರು ಹೊತ್ತು, ಮೇಣದ ಬತ್ತಿಯ ಬೆಳಕಿನಲ್ಲಿ ಏಣಿ ಹತ್ತಬೇಕು. ಹೋದವರು ಎಷ್ಟೋ ಜನ ವಾಪಸು ಬರಲಿಲ್ಲ. ಬೆಳ್ಳಿ ಹಡಗು ತುಂಬಿ ಸ್ಪೇನಿಗೆ ಹೋಯಿತು, ಇನ್ನೊಂದು ಕಡೆಯಿಂದ ಸಾಗರ ದಾಟಿ ಮನಿಲಾಕ್ಕೂ ಹೋಯಿತು. ಅಷ್ಟು ಬಂದರೂ ಸ್ಪೇನಿನಲ್ಲಿ ನಿಲ್ಲಲಿಲ್ಲ. ಯುದ್ಧಕ್ಕೆ ಹೋಯಿತು, ಬೇರೆ ದೇಶದವರು ಮಾಡಿದ ಸಾಮಾನು ಕೊಳ್ಳಲು ಹೋಯಿತು. ಆಮೇಲೆ ಬೇರೆಯವರ ಹಡಗುಗಳು ಬಲವಾದವು. ಆ ಕಡೆಯ ನಾಡುಗಳು ಒಂದೊಂದೇ ಎದ್ದು ನಿಂತು ಬೇರೆಯಾದವು. ಕೊನೆಗೆ ನಾಲ್ಕು ದ್ವೀಪ ಉಳಿದಿದ್ದವು, ಅವೂ ಹೋದವು. ಆಫ್ರಿಕದಲ್ಲಿ ಹಿಡಿದುಕೊಂಡಿದ್ದ ಮರಳುಗಾಡಿನ ತುಂಡನ್ನು ಬಿಟ್ಟು ಹೋದದ್ದು ನಾನು ಲೇತ್ ಶೆಡ್ಡಿಗೆ ಸೇರಿದ ಆಸುಪಾಸಿನಲ್ಲಿ.

"ಎದ್ದಿದ್ದು ಬರೆಯೋದು ಈಸಿ ಅಪ್ಪ. ಬಿದ್ದಿದ್ದು ಯಾವಾಗ ಅಂತಾನೇ ಗೊತ್ತಾಗ್ತಿಲ್ಲ, ಒಂದೊಂದು ಬುಕ್ ಒಂದೊಂದು ಹೇಳತ್ತೆ" ಎಂದು ಅವಳು ಗೊಣಗಿದಳು. ನಾನು ಮುಟುವಾನ ಪಾಠವನ್ನು ನನ್ನದೇ ಎನ್ನುವ ಹಾಗೆ ಹೇಳಿದೆ. ಹಾಳೆ ಹರಿಯುವುದು ಕೊನೆಗೆ, ತೆಳ್ಳಗಾಗುವುದು ಮೊದಲೇ. ಒತ್ತುತ್ತಿರುವವನಿಗೆ ಅದು ಗೊತ್ತಾಗುವುದಿಲ್ಲ. ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದುಕೊಂಡಳು. ನನ್ನ ಮಾತನ್ನು ನನ್ನ ಮಗಳು ಪುಸ್ತಕದಲ್ಲಿ ಬರೆದುಕೊಂಡದ್ದು ಅದೇ ಮೊದಲು. ಅವತ್ತು ನಾನು ಹಿಗ್ಗಿದ್ದು ನೆನೆದರೆ ಈಗ ಮುಖ ಬಿಸಿಯಾಗುತ್ತದೆ.

ಮಾದರಿ ಬೆಟ್ಟವೇ ಆಗಬೇಕು ಎಂದು ತೀರ್ಮಾನವಾಯಿತು. ಅಲ್ಯೂಮಿನಿಯಂ ಹಾಳೆಯಿಂದ ಎತ್ತಿದ, ಬೆಳ್ಳಿಯ ಹಾಗೆ ಹೊಳೆಯುವ ಬೆಟ್ಟ. ಎರಡು ಭಾಗವಾಗಿ ತೆರೆದರೆ ಒಳಗೆ ಸುರಂಗ, ತಂತಿಯ ಏಣಿ, ಮರದ ಆಳುಗಳು. ಅಷ್ಟು ಚೂಪಾದ ಶಂಕುವನ್ನು ಒಂದೇ ಹಾಳೆಯಿಂದ ಎತ್ತುವುದು ನನ್ನ ಕೈಲಾಗುತ್ತಿರಲಿಲ್ಲ. ಮುಟುವಾಗೆ ಹೇಳಿದೆ. ಅವನು ಎರಡು ದಿನ ಊಟದ ಬಿಡುವಿನಲ್ಲಿ ಲೇತಿನ ಮುಂದೆ ನಿಂತು, ಹಾಳೆಯನ್ನು ನಾಲ್ಕು ಸಲ ಕಾಯಿಸಿ ಮೆದು ಮಾಡಿ, ಎಳೆದೂ ಎಳೆದೂ ಬೆಟ್ಟ ಎತ್ತಿದ. ಎಲ್ಲೂ ತೆಳ್ಳಗಾಗಿರಲಿಲ್ಲ. ಅದರ ಮೈಮೇಲೆ ಕೊರಕಲು ತಟ್ಟಿದ್ದು ಮಾತ್ರ ನಾನು.

ಹಾಳೆಗೆ ಕಾಕಾರ ಅಪ್ಪಣೆ ಕೇಳಲಿಲ್ಲ. ಕೇಳಿದ್ದರೆ ನಗುತ್ತಾ ಕೊಡುತ್ತಿದ್ದರು. ಆದರೆ ಮಗಳ ಫೀಸೂ ಅವರದು, ಹಾಳೆಯನ್ನೂ ಕೇಳುವುದೇ ಎಂದು ನನ್ನ ಜಂಬ ಅಡ್ಡ ಬಂತು. ನಾನು ಮಿಸ್ತ್ರಿ, ನನಗೊಂದು ಹಾಳೆ ಇಲ್ಲವೇ, ಅಂದುಕೊಂಡೆ.

ಒಂದು ಶನಿವಾರ ಸಿಂಧುವನ್ನು ಫ್ಯಾಕ್ಟರಿಗೆ ಕರೆದುಕೊಂಡು ಹೋಗಿದ್ದೆ, ಮುಟುವಾ ಮರದಲ್ಲಿ ಕೆತ್ತಬೇಕಿದ್ದ ಆಳುಗಳ ಚಿತ್ರವನ್ನು ಅವನಿಗೆ ತೋರಿಸಲು. ಕಾಂಬಾ ಜನ ಮರ ಕೆತ್ತುವುದರಲ್ಲಿ ಹೆಸರಾದವರು. ಮುಟುವಾನ ಅಪ್ಪನೂ ಕೆತ್ತುತ್ತಿದ್ದನಂತೆ. ಅವನು ಕೈ ಒರೆಸಿಕೊಂಡು ಪುಸ್ತಕವನ್ನು ತುದಿಬೆರಳಲ್ಲಿ ಹಿಡಿದು ನೋಡಿದ. ಅವರಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದ್ದು ನನಗೆ ಅರ್ಧ ತಿಳಿಯಿತು. ಈ ಬೆಟ್ಟ ಯಾರದಾಗಿತ್ತು ಎಂದು ಅವನು ಕೇಳಿದ. ಅಲ್ಲಿದ್ದವರದು ಎಂದಳು. ಆಮೇಲೆ? ಸ್ಪೇನಿನ ರಾಜನದು. ರಾಜ ಬೆಟ್ಟ ನೋಡಿದ್ದನೇ? ಇಲ್ಲ, ಯಾವ ರಾಜನೂ ಆ ಕಡೆ ಬರಲೇ ಇಲ್ಲ. ಮುಟುವಾ ನಕ್ಕ. "ನಮ್ಮ ಕಾಕಾ ವಾಸಿ, ದಿನಾ ಬರ್ತಾರೆ" ಎಂದ. ಮೂವರೂ ನಕ್ಕೆವು. ತನ್ನ ಅಪ್ಪ ಬಿಳಿಯರ ಎಸ್ಟೇಟಿನಲ್ಲಿ ದುಡಿಯುವಾಗ ಗುರುತಿನ ಕಾಗದವನ್ನು ತಗಡಿನ ಡಬ್ಬಿಯಲ್ಲಿಟ್ಟು ಕುತ್ತಿಗೆಗೆ ನೇತು ಹಾಕಿಕೊಳ್ಳಬೇಕಾಗಿತ್ತು, ಆ ಡಬ್ಬಿ ಈಗಲೂ ಮನೆಯಲ್ಲಿದೆ ಎಂದೂ ಹೇಳಿದ. ಸಿಂಧು ಅದನ್ನೂ ಬರೆದುಕೊಂಡಳು. ಹೋಗುವಾಗ ಅವಳು ಮಿಸ್ಟರ್ ಮುಟುವಾ ಎಂದು ಅವನ ಕೈ ಕುಲುಕಿದಳು. ಎಂಟು ವರ್ಷದಲ್ಲಿ ನಾನು ಅವನ ಹೆಸರಿನ ಹಿಂದೆ ಏನನ್ನೂ ಸೇರಿಸಿರಲಿಲ್ಲ.

ಪ್ರದರ್ಶನದ ಹಿಂದಿನ ದಿನ ಶುಕ್ರವಾರ. ಸಂಜೆ ಐದಕ್ಕೆ ಕೆಲಸ ಬಿಡುವ ಹೊತ್ತು. ಸಿಂಧು ಶಾಲೆಯಿಂದ ನೇರ ಫ್ಯಾಕ್ಟರಿಗೆ ಬಂದು ನನ್ನ ಕಾರಿನಲ್ಲಿ ಕೂತಿದ್ದಳು. ಬೆಟ್ಟವನ್ನು ಗೋಣಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೆ. ಮರದ ಆಳುಗಳಿಗೆ ಇನ್ನೂ ಎಣ್ಣೆ ಸವರುವುದಿತ್ತು. ಸವರಿ ಕಾರಿನ ಹತ್ತಿರ ತಂದುಕೊಡು ಎಂದು ಮುಟುವಾಗೆ ಹೇಳಿ ನಾನು ಹೊರಟೆ. ಕಾವಲಿನವನು ಎಂದಿನ ಹಾಗೆ ಸಲ್ಯೂಟು ಹೊಡೆದು ಗೇಟು ತೆಗೆದ. ಬೆಟ್ಟ ಹೊರಗೆ ಬಂತು. ಗೇಟಿನಾಚೆ ಕಾರು ನಿಲ್ಲಿಸಿ ನಾನು ಕೆಳಗಿಳಿದು ಕಾದೆ. ಕಾಕಾ ಕೂಡ ಅಲ್ಲಿ ಯಾರದೋ ಲಾರಿಗೆ ಕಾಯುತ್ತಾ ನಿಂತಿದ್ದರು. ಒದ್ದೆ ತಗಡಿನ ಮುಂದೆ ಸಾಲು ಕೂತಿತ್ತು. ಟಪ್ ಟಪ್ ಎಂದು ಬೂಟುಗಳ ಸದ್ದು. ಆ ಸದ್ದು ಸಿಂಧುವಿಗೆ ಹೊಸದು. ಕಿಟಕಿಯ ಗಾಜು ಇಳಿಸಿ ನೋಡುತ್ತಿದ್ದಳು.

ಮುಟುವಾನ ಸರದಿ ಬಂತು. ಕೂತ, ಬೂಟು ಬಿಚ್ಚಿದ, ಬಡಿದ. ಆಮೇಲೆ ತನ್ನ ಚೀಲವನ್ನು ತಾನೇ ತಗಡಿನ ಮೇಲೆ ಸುರಿದ. ಮರದ ಆಳುಗಳು ದಬದಬ ಬಿದ್ದವು, ಹನ್ನೆರಡು. ಹದಿಮೂರನೆಯದು ಠಣ್ ಎಂದಿತು.

ನಿಂಬೆಹಣ್ಣಿನಷ್ಟು ದೊಡ್ಡ ಸುಫೂರಿಯಾ ಅದು. ಬೆಟ್ಟದ ಹಾಳೆಯಲ್ಲಿ ಉಳಿದ ಚೂರಿನಿಂದ ಎಳೆದದ್ದು, ಅಂಚನ್ನು ದೊಡ್ಡ ಪಾತ್ರೆಗೆ ಮಡಿಸುವ ಹಾಗೇ ಮಡಿಸಿದ್ದ. ಯಾರಿಗೆಂದು ಕೇಳುವ ಅಗತ್ಯವೇ ಇರಲಿಲ್ಲ. ಅದನ್ನು ಅವನು ಅಡಗಿಸಿಯೂ ಇರಲಿಲ್ಲ. ಬೆಟ್ಟವೇ ಹೋಗುತ್ತಿರುವಾಗ ಬೆಟ್ಟದ ಚೂರಿಗೆ ಏನು ಅಡ್ಡಿ ಎಂದುಕೊಂಡಿರಬೇಕು.

ಕಾವಲಿನವನು ಅದನ್ನು ಎತ್ತಿ ಹಿಡಿದ. ಕಾಕಾ ಹತ್ತಿರ ಬಂದು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹಳೆಯ ಆಳು, ಆಟದ ಪಾತ್ರೆ. ನಾನು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹೇಳು ಮಿಸ್ತ್ರಿ, ಏನು ಮಾಡೋಣ ಎಂದು ಹಿಂದಿಯಲ್ಲಿ ಕೇಳಿದರು.

ನಾನೇ ಹೇಳಿ ಮಾಡಿಸಿದೆ ಎನ್ನಬೇಕಿತ್ತು. ಎಂದಿದ್ದರೆ ಹಾಳೆ ಎಲ್ಲಿಯದು ಎಂಬ ಪ್ರಶ್ನೆ ಬರುತ್ತಿತ್ತು. ಮೂರು ಹೆಜ್ಜೆ ಆಚೆ ನನ್ನ ಡಿಕ್ಕಿಯಲ್ಲಿ ಆ ಪಾತ್ರೆಗಿಂತ ನೂರು ಪಾಲು ದೊಡ್ಡ ಅಲ್ಯೂಮಿನಿಯಂ ಇತ್ತು. ಸಾಲಿನಲ್ಲಿದ್ದ ನಲವತ್ತು ಜನರ ಮುಂದೆ, ಮಗಳ ಮುಂದೆ, ನಾನು ಡಿಕ್ಕಿ ತೆಗೆದು ತೋರಿಸುವುದನ್ನು ನೆನೆದೆ. ಮುಟುವಾ ನನ್ನನ್ನು ನೋಡುತ್ತಿದ್ದ. ಕಾರನ್ನು ನೋಡಿದ. ಕಿಟಕಿಯಲ್ಲಿದ್ದ ಸಿಂಧುವನ್ನು ನೋಡಿದ. ಅವನು ಒಂದು ಬೆರಳು ಆ ಡಿಕ್ಕಿಯ ಕಡೆ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ.

"ರೂಲು ಎಲ್ಲರಿಗೂ ಒಂದೇ, ಕಾಕಾ" ಎಂದೆ.

ಈ ಮಾತು ನನ್ನ ಬಾಯಿಂದ ಬಂತು. ಕನ್ನಡದಲ್ಲಿ ಬರೆಯುವಾಗಲೂ ಕೈ ತಡೆಯುತ್ತದೆ.

ಮುಟುವಾ ನಿಧಾನವಾಗಿ ಬೂಟು ಹಾಕಿಕೊಂಡ. ಮರದ ಆಳುಗಳನ್ನು ಒಂದೊಂದಾಗಿ ತಗಡಿನಿಂದ ಆಯ್ದು, ಅಂಗಿಯ ತುದಿಯಿಂದ ಒರೆಸಿ, ಕಾರಿನ ಹತ್ತಿರ ಹೋಗಿ ಕಿಟಕಿಯೊಳಗೆ ಸಿಂಧುವಿನ ಮಡಿಲಿಗೆ ಹಾಕಿದ. ಏಣಿಯ ಮೇಲಿನವನು ಸ್ವಲ್ಪ ವಾಲಿದ್ದಾನೆ, ಅಂಟು ಹಾಕಿ ನಿಲ್ಲಿಸು ಎಂದನಂತೆ. ಆಮೇಲೆ ಬಸ್ ಸ್ಟಾಪಿನ ಕಡೆ ಆ ಜಿನುಗು ಮಳೆಯಲ್ಲಿ ನಡೆದು ಹೋದ. ಕಾಕಾ ಪಾತ್ರೆಯನ್ನು ಗುಜರಿಯ ಡಬ್ಬಕ್ಕೆ ಹಾಕಲು ನನ್ನ ಕೈಗೆ ಕೊಟ್ಟರು. ನಾನು ಒಳಗೆ ಹೋದೆ. ಡಬ್ಬದ ಮುಂದೆ ನಿಂತೆ. ಅದನ್ನು ಹಾಕಲಿಲ್ಲ, ಪ್ಯಾಂಟಿನ ಜೇಬಿಗೆ ಇಳಿಸಿಕೊಂಡು ವಾಪಸು ಬಂದೆ. ಕಾವಲಿನವನು ಮತ್ತೆ ಸಲ್ಯೂಟು ಹೊಡೆದ.

ಸಿಂಧು ಮನೆಯ ಬಾಗಿಲಲ್ಲಿ ಕೂತು ಶಾಲೆಯ ಶೂ ಬಿಚ್ಚಿದಳು. ಎರಡನ್ನೂ ಮಗುಚಿ ನೆಲಕ್ಕೆ ಎರಡು ಸಲ ಬಡಿದಳು. ಆಮೇಲೆ ಒಳಗೆ ಹೋದಳು. ಪುಷ್ಪಾ ಕಲ್ಲು ಸಿಕ್ಕಿತ್ತಾ ಎಂದು ಕೇಳಿದಳು.

ಮರುದಿನ ಲ್ಯಾವಿಂಗ್ಟನ್ನಿನ ಶಾಲೆಯಲ್ಲಿ ನಮ್ಮ ಬೆಟ್ಟದ ಮುಂದೆಯೇ ಜನ ಹೆಚ್ಚು. ಸಿಂಧು ತಡವರಿಸದೆ ಹೇಳಿದಳು, ಏಳುವುದನ್ನೂ ಬೀಳುವುದನ್ನೂ. ತೆಳ್ಳಗಾಗುವ ಹಾಳೆಯ ಮಾತನ್ನು ಹೇಳಲಿಲ್ಲ, ಪುಸ್ತಕದಲ್ಲಿದ್ದದ್ದಷ್ಟನ್ನೇ ಹೇಳಿದಳು. ಮೊದಲ ಬಹುಮಾನ ಬಂತು. ಬೆಟ್ಟದ ಬುಡದಲ್ಲಿ ಒಂದು ಚೀಟಿ ಅಂಟಿಸಿದ್ದಳು. ಅದರಲ್ಲಿ, ಇದನ್ನು ಮಾಡಿದವರು ಮಿಸ್ಟರ್ ಮುಟುವಾ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನನ್ನ ಹೆಸರಿರಲಿಲ್ಲ. ರಾಘವೇಂದ್ರ ಓದಿ, ಇವರು ಯಾರು, ಬಂದಿದ್ದಾರಾ ಎಂದು ಕೇಳಿದರು. ನಮ್ಮ ಕೆಲಸದವನು, ಊರಿಗೆ ಹೋಗಿದ್ದಾನೆ ಎಂದೆ. ಪಕ್ಕದಲ್ಲೇ ಇದ್ದ ಸಿಂಧು ವಾಲಿದ ಆಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಅವತ್ತೂ ಬಾಗಿಲಲ್ಲಿ ಶೂ ಬಡಿದಳು. ರಜೆ ಮುಗಿದು ಶಾಲೆ ಶುರುವಾದ ಮೇಲೂ ಬಡಿದಳು. ಪ್ರತಿ ಸಂಜೆ, ಎರಡು ಸಲ. ನಾನು ಮನೆಯಲ್ಲಿದ್ದರೆ ಆ ಸದ್ದು ಬರುವ ಹೊತ್ತಿಗೆ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದೆ. ಬೈಯಲು ಬಾಯಿರಲಿಲ್ಲ. ನನ್ನನ್ನು ಚುಚ್ಚುವುದಕ್ಕೆಂದೇ ಮಾಡುತ್ತಿದ್ದಾಳೆ, ಚುಚ್ಚಲಿ, ಎಂದು ಒಂದು ಕಡೆ. ಹದಿಮೂರರ ಹುಡುಗಿ ದುಡಿದು ಸಾಕುವ ಅಪ್ಪನಿಗೆ ಹೀಗೆ ಮಾಡುವುದೇ ಎಂದು ಇನ್ನೊಂದು ಕಡೆ.

ಆಗಸ್ಟಿನಲ್ಲಿ ದೊಡ್ಡ ಹೋಟೆಲೊಂದರ ಪಾತ್ರೆಗಳ ಕೆಲಸ ಬಂತು. ಆ ಅಳತೆಯನ್ನು ಎಳೆಯುವ ಕೈ ಫ್ಯಾಕ್ಟರಿಯಲ್ಲಿ ಉಳಿದಿರಲಿಲ್ಲ. ಮುಟುವಾನನ್ನು ಕರೆದುಕೊಂಡು ಬಾ ಎಂದು ಕಾಕಾ ಅವರೇ ಹೇಳಿದರು. ನನಗೆ ಎಷ್ಟು ಹಗುರವಾಯಿತೆಂದರೆ, ತಪ್ಪು ತಾನಾಗಿ ಸರಿಹೋಯಿತು ಅಂದುಕೊಂಡೆ. ವಿಮಾನ ನಿಲ್ದಾಣದ ಹತ್ತಿರದ ಎಂಬಕಸಿ ಬಡಾವಣೆಯಲ್ಲಿ ಅವನ ಮನೆ ಹುಡುಕಿಕೊಂಡು ಹೋದೆ. ತಲೆಯ ಮೇಲೇ ವಿಮಾನಗಳು ಇಳಿಯುತ್ತಿದ್ದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವನ ಹೆಂಡತಿ ಹಾಲು ಹಾಕಿ ಕುದಿಸಿದ ಚಹ ಕೊಟ್ಟಳು, ನಾವು ಮಾಡಿದ ಸುಫೂರಿಯಾದಿಂದಲೇ ಬಗ್ಗಿಸಿ. ಗೋಡೆಯ ಮೊಳೆಗೆ ಅಪ್ಪನ ಆ ತಗಡಿನ ಡಬ್ಬಿ ನೇತಾಡುತ್ತಿತ್ತು. ತಪ್ಪಾಯಿತು ಎನ್ನುವ ಮಾತನ್ನು ದಾರಿಯುದ್ದಕ್ಕೂ ಸ್ವಾಹಿಲಿಯಲ್ಲಿ ಹೇಳಿಕೊಂಡು ಬಂದಿದ್ದೆ. ಕೂತ ಮೇಲೆ ಬಾಯಿಗೆ ಬಂದದ್ದು ಬೇರೆ. ಕಾಕಾ ಕರೆಯುತ್ತಿದ್ದಾರೆ, ಸೋಮವಾರದಿಂದ ಬಾ, ಹಳೆಯದನ್ನೆಲ್ಲ ಮರೆತುಬಿಡೋಣ ಎಂದೆ. ದೊಡ್ಡ ಮನಸ್ಸು ಮಾಡುತ್ತಿರುವವನು ನಾನು ಎನ್ನುವ ಹಾಗೆ.

ಅವನು ಚಹ ಕುಡಿದು ಮುಗಿಸಿ ಲೋಟ ಕೆಳಗಿಟ್ಟ. "ತಗಡು ಅಲ್ಲೇ ಇದೆಯಾ?" ಎಂದು ಕೇಳಿದ.

ಇದೆ ಎಂದೆ.

"ನೀನು ಹಾಸಿದ್ದು. ನೀನು ತೆಗೆಸಬಹುದು."

ತೆಗೆಸಿದರೆ ಅದನ್ನು ಹಾಸಿದ್ದು ತಪ್ಪಾಗುತ್ತದೆ. ಹಾಸಿದ್ದು ತಪ್ಪಾದರೆ ಆ ಶುಕ್ರವಾರ ಏನಾಗುತ್ತದೆ. ಅಷ್ಟು ದೂರ ಯೋಚನೆ ಹೋಗಿ ಅಲ್ಲೇ ನಿಂತಿತು. ಮುಟುವಾ ಎದ್ದು ನಿಂತ. ಮಗಳಿಗೆ ಬಹುಮಾನ ಬಂತಂತೆ, ಕಾವಲಿನವನು ಹೇಳಿದ, ಒಳ್ಳೆಯದಾಯಿತು ಎಂದ. ಬಾಗಿಲ ತನಕ ಬಂದು ಬೀಳ್ಕೊಟ್ಟ. ಬೋಸಿ ಅನ್ನಲಿಲ್ಲ, ಫುಂಡಿ ಎಂದೂ ಅನ್ನಲಿಲ್ಲ. ಹೋಟೆಲಿನ ಕೆಲಸ ಬೇರೆ ಫ್ಯಾಕ್ಟರಿಗೆ ಹೋಯಿತು. ನಾನು ಇನ್ನೂ ಐದು ವರ್ಷ ಅಲ್ಲಿದ್ದೆ. ತಗಡು ಸವೆದಾಗ ಹೊಸದು ಹಾಕಿಸಿದ್ದೂ ನಾನೇ.

ಪಾತ್ರೆ ಅಂಗಡಿಯಿಂದ ಬಂದ ಆ ಸಂಜೆ ಮಗಳ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಸಾಮಾನಿನ ಪೆಟ್ಟಿಗೆಯನ್ನು ಅವಳ ಮನೆಯ ಅಟ್ಟಕ್ಕೆ ಹಾಕಿಸಿದ್ದೆ. ಇಳಿಸಿದೆ. ಅಳತೆಯ ಕಡ್ಡಿಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದು ಅವಳ ಮುಂದೆ ಮೇಜಿನ ಮೇಲಿಟ್ಟೆ. ಇಷ್ಟು ವರ್ಷದಲ್ಲಿ ಅದರ ಹೊಳಪು ಹೋಗಿ ಬೂದಿ ಬಣ್ಣ ಬಂದಿತ್ತು. ಅಂಚು ಮಾತ್ರ ಹಾಗೇ ಇತ್ತು, ಬೆರಳಿಗೆ ಒಂದು ತರಿ ಸಿಗುವುದಿಲ್ಲ.

"ಮುಟುವಾ ನಿನಗೆ ಅಂತ ಮಾಡಿದ್ದು. ನಾನು ಕೊಡಲಿಲ್ಲ" ಎಂದೆ.

ಅವಳು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ಇದು ಡಬ್ಬಕ್ಕೆ ಹೋಗಿತ್ತಲ್ಲ, ಹೇಗೆ ಹೊರಗೆ ಬಂತು?"

"ನನ್ನ ಜೇಬು ಯಾರು ನೋಡ್ತಾರೆ."

ಇನ್ನು ಆ ಶೂ ಸದ್ದಿನ ಮಾತನ್ನೂ ಆಡಿಯೇ ಬಿಡಬೇಕು ಅನ್ನಿಸಿತು. ನೀನು ದಿನಾ ಬಾಗಿಲಲ್ಲಿ ಬಡಿಯುತ್ತಿದ್ದೆಯಲ್ಲ, ಒಂದೊಂದು ಏಟೂ ನನಗೆ ಸರಿಯಾಗಿಯೇ ತಗುಲಿದೆ, ನನಗೆ ಬೇಕಾಗಿತ್ತು ಅದು, ಎಂದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು.

"ನಿಮಗಲ್ಲ ಅಪ್ಪ. ನನಗೆ ನಾನೇ ಮಾಡ್ಕೋತಿದ್ದೆ" ಎಂದಳು. "ನಾನು ಕಾರಲ್ಲೇ ಕೂತಿದ್ದೆ. ಡಿಕ್ಕೀಲಿ ಏನಿದೆ ಅಂತ ನನಗೂ ಗೊತ್ತಿತ್ತು. ಕಿಟಕೀಲಿ ಒಂದು ಮಾತು ಹೇಳಬಹುದಿತ್ತು. ಹೇಳಿದ್ರೆ ನಾಳೆ ಬೆಟ್ಟ ಇರಲ್ಲ ಅಂತ ಸುಮ್ನಾದೆ."

ನನ್ನ ನಾಚಿಕೆ ನನ್ನೊಬ್ಬನದೇ ಎಂದುಕೊಂಡು, ಅದನ್ನೂ ಒಂದು ಸ್ವಂತ ಆಸ್ತಿಯ ಹಾಗೆ ಕಾಪಾಡಿಕೊಂಡು ಬಂದಿದ್ದೆ. ಅದರಲ್ಲಿ ಅರ್ಧವನ್ನು ಹದಿಮೂರು ವರ್ಷದ ಮಗುವಿನ ಶೂಗಳೊಳಗೆ ತುಂಬಿ ಕಳಿಸಿದ್ದೆ ಎಂದು ಈಗ ಗೊತ್ತಾಯಿತು. ಅವಳು ಎಷ್ಟು ಬಡಿದರೂ ಅದು ಉದುರಿರಲಿಲ್ಲ.

ಸಿಂಧು ಎದ್ದು ಹೊಸ ಅಡುಗೆಮನೆಗೆ ಹೋದಳು. ಆ ಪುಟ್ಟ ಸುಫೂರಿಯಾವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುವ ಸದ್ದು ಕೇಳಿಸುತ್ತಿತ್ತು. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, ಮುಟುವಾ ಅವರ ಮನೆ ಎಂಬಕಸಿಯಲ್ಲಿ ಯಾವ ಕಡೆ ಎಂದು ಕೇಳಿದಳು. ಕಾಗದ ತೆಗೆದುಕೊಂಡು ಗುರುತು ಬರೆಯಲು ಕೂತೆ. ರಸ್ತೆಯ ಹೆಸರು ನನಗೆ ನೆನಪಿರಲಿಲ್ಲ. ಅವನು ಬಾಗಿಲ ತನಕ ಬಂದ ಆ ಹತ್ತು ಹೆಜ್ಜೆ ಮಾತ್ರ ನೆನಪಿತ್ತು.